ಹಿಂದಿನ ಚಕ್ರದ ಸದ್ದು

ಮೊನ್ನೆ ಗ್ರಾನೈಟ್ ಇಳಿಸಲು ಬಂದ ಕ್ರೇನಿನವನೊಬ್ಬ ನನ್ನ ಅಂಗಡಿಯ ಎದುರಿನಲ್ಲೇ ಕುಕ್ಕರಗಾಲಲ್ಲಿ ಕೂತು ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದ. ಬ್ರಹ್ಮಾವರದಲ್ಲಿ ನನ್ನದು ಟೈಲ್ಸ್ ಅಂಗಡಿ. ದಿನವೂ ಲಾರಿ ಬಂದು ಹೋಗುವ ಜಾಗ, ಗ್ರೀಸಿನ ವಾಸನೆ ನನಗೆ ಹೊಸತಲ್ಲ. ಆದರೆ ಇದು ಬೇರೆ. ಇದು ಬೋಟಿನವರು ಹಾಕುವ ಗ್ರೀಸ್. ದಪ್ಪ, ನೀಲಿ ಬಣ್ಣದ್ದು, ಕೈಗೆ ಹತ್ತಿದರೆ ಸೋಪು ಹಾಕಿ ತಿಕ್ಕಿದರೂ ಮರುದಿನ ಊಟಕ್ಕೆ ಕೂತಾಗ ಮೂಗಿಗೆ ಬರುವಂಥದ್ದು. ಆ ಪುಣ್ಯಾತ್ಮನಿಗೆ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ಗಿರಾಕಿಯೊಬ್ಬರು ಬಚ್ಚಲಿನ ಟೈಲ್ಸ್ ಜಾರುತ್ತದಾ ಇಲ್ಲವಾ ಎಂದು ಕೇಳುತ್ತಿದ್ದರು. ನಾನು ಉತ್ತರ ಹೇಳುವುದನ್ನೇ ಮರೆತು ಆ ಡಬ್ಬಿಯ ಕಡೆಗೆ ನಡೆದೆ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ ನನ್ನ ಭಾನುವಾರಗಳೆಲ್ಲ ಇದೇ ವಾಸನೆಯಲ್ಲಿ ಕಳೆದಿದ್ದವು. ಉಪ್ಪುಂದದಲ್ಲಿ ನನ್ನ ಅಕ್ಕ ಜಲಜಳ ಮನೆ. ಮನೆಯ ಹಿಂದೆ ಬಲೆ, ಹಗ್ಗ, ಹಳೆಯ ಇಂಜಿನ್ ಸಾಮಾನುಗಳನ್ನು ಪೇರಿಸಿಟ್ಟ ಒಂದು ಶೆಡ್ಡು. ಅದರ ತಗಡಿನ ಮೇಲೆ ಮಳೆ ಬಡಿಯುತ್ತಿರುವಾಗ ಒಳಗೆ ನಾನು ಮತ್ತು ಭಾವ ಸೈಕಲ್ಲಿನ ಎರಡು ಚಕ್ರಗಳ ವಿಷಯದಲ್ಲಿ ಜಗಳ ಮಾಡುತ್ತ ಕೂತಿರುತ್ತಿದ್ದೆವು. ಚಕ್ರದ ನಡುವಿನ ಹಬ್ ಯಾವುದು, ಹೊರಬಳೆಯ ರಿಮ್ ಯಾವುದು ಎಂಬುದೇ ಪ್ರಪಂಚದ ದೊಡ್ಡ ಪ್ರಶ್ನೆ ಎಂದು ನಾನು ಆಗ ತಿಳಿದಿದ್ದೆ.

ಚಂದ್ರ ಭಾವ ಗಂಗೊಳ್ಳಿಯ ಟ್ರಾಲ್ ಬೋಟೊಂದರ ಇಂಜಿನ್ ಡ್ರೈವರ್. ಅವರ ಕಿವಿಗೆ ಬಂದರಿನಲ್ಲಿ ಹೆಸರಿತ್ತು. ದಡದ ಹೋಟೆಲಿನಲ್ಲಿ ಬೆನ್ನು ಹಾಕಿ ಕೂತು ಚಾ ಕುಡಿಯುತ್ತಿರುವಾಗ, ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಬರುತ್ತಿರುವ ಬೋಟಿನ ಸದ್ದಿನ ಮೇಲೆಯೇ "ಇದ್ರ ನಾಝಲ್ ಹೋಯ್ತ್ ಕಾಣಿ" ಎನ್ನುತ್ತಿದ್ದರು. ಬೋಟು ದಡಕ್ಕೆ ಬಂದು ಬಿಚ್ಚಿ ನೋಡಿದರೆ ಡೀಸೆಲ್ ಚಿಮ್ಮಿಸುವ ನಾಝಲ್ಲೇ ಹೋಗಿರುತ್ತಿತ್ತು. ಬೇರೆ ಬೋಟಿನವರೂ ಇಂಜಿನ್ ಹದಗೆಟ್ಟರೆ ಅವರನ್ನು ಕರೆದುಕೊಂಡು ಹೋಗಿ ಹತ್ತಿರ ನಿಲ್ಲಿಸಿ, "ಎಂತ ಕೇಂತ್ತ್ ಚಂದ್ರಣ್ಣ?" ಎಂದು ಏನು ಕೇಳಿಸುತ್ತದೆಂದು ವಿಚಾರಿಸುತ್ತಿದ್ದರು.

ಆ ಮಳೆಗಾಲದಲ್ಲಿ ಆ ಕಿವಿ ಹೋಗುತ್ತಿತ್ತು. ಭಾವನಿಗೆ ಅದು ಗೊತ್ತಿತ್ತು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಟ್ರಾಲ್ ಬೋಟಿನಲ್ಲಿ ಇಂಜಿನ್ ಒಂದೇ ಅಲ್ಲ, ಬಲೆ ಎಳೆಯುವ ವಿಂಚೂ ಡ್ರೈವರಿನ ಕೈಯಲ್ಲೇ ಇರುತ್ತದೆ. ಡೆಕ್ಕಿನ ಮೇಲೆ ಬಲೆ ಹಿಡಿದವರು "ನಿಲ್ಸ್!" ಎಂದು ಕೂಗಿದ ಕೂಡಲೇ ಅವನು ಲಿವರ್ ಎಳೆಯಬೇಕು. ಕೂಗು ಕೇಳದೆ ಹೋದರೆ ಹಗ್ಗದ ಜೊತೆ ಮನುಷ್ಯನ ಕೈಯೂ ಸುತ್ತಿಕೊಂಡು ಹೋಗುತ್ತದೆ. ಜೂನ್, ಜುಲೈ ಬೋಟು ಬಂದ್, ಸರಕಾರವೇ ಮೀನುಗಾರಿಕೆ ನಿಲ್ಲಿಸುವ ಕಾಲ. ಆಗಸ್ಟಿನಲ್ಲಿ ಬಂದ್ ತೆಗೆದರೆ ಭಾವ ಮತ್ತೆ ಆ ಲಿವರಿನ ಮುಂದೆ ನಿಲ್ಲಬೇಕಿತ್ತು. ಅಷ್ಟರೊಳಗೆ ಯಾರಾದರೂ ಬಾಯಿ ಬಿಡಬೇಕಿತ್ತು. ನಮಗೆ ಸಿಕ್ಕಿದ್ದು ಆ ಎರಡು ತಿಂಗಳ ಮಳೆ, ಅಷ್ಟೇ.

ಸೈಕಲ್ಲಿನ ಹುಚ್ಚು ನನ್ನದು. ಅಂಗಡಿಯ ಕುರ್ಚಿಯಲ್ಲಿ ಕೂತು ಕೂತು ನನ್ನ ಹೊಟ್ಟೆ ಮೇಜಿಗೆ ತಾಗಲು ಶುರುವಾಗಿತ್ತು. ಹೊಸ ಮನೆಗೆ ಟೈಲ್ಸ್ ಕೊಂಡ ಗಿರಾಕಿಯೊಬ್ಬರು, ತಮ್ಮ ಹಳೆ ಮನೆಯ ಚಾವಡಿಯಲ್ಲಿ ನೇತು ಹಾಕಿದ್ದ ಒಂದು ಹಾರ್ಡ್‌ಟೈಲ್ ಸೈಕಲ್ಲನ್ನು "ತಗೊಂಡು ಹೋಗಿ ಮಾರಾಯ್ರೆ, ಜಾಗ ಖಾಲಿಯಾದರೆ ಸಾಕು" ಎಂದು ಕೊಟ್ಟುಬಿಟ್ಟರು. ಹಾರ್ಡ್‌ಟೈಲ್ ಎಂದರೆ ಮುಂದೆ ಮಾತ್ರ ಸ್ಪ್ರಿಂಗು, ಹಿಂದೆ ಗಟ್ಟಿ. ಗುಡ್ಡ, ಕಲ್ಲು, ಕಡಲ ದಡದ ಹೊಯ್ಗೆ ಎಲ್ಲಿ ಬೇಕಾದರೂ ಹೊಡೆಯಬಹುದಾದ ಸೈಕಲ್. ಅಲ್ಯುಮಿನಿಯಂ ಚೌಕಟ್ಟು ಚೆನ್ನಾಗಿತ್ತು, ಮುಂದಿನ ಫೋರ್ಕೂ ಅಡ್ಡಿಲ್ಲ. ಚಕ್ರಗಳು ಮಾತ್ರ ಸತ್ತು ಹೋಗಿದ್ದವು. ಸಮುದ್ರದ ಗಾಳಿ ಕಡ್ಡಿಗಳನ್ನು ತಿಂದಿತ್ತು, ರಿಮ್ಮಿನಲ್ಲಿ ಕಡ್ಡಿ ಸಿಕ್ಕಿಸುವ ತೂತುಗಳ ಸುತ್ತ ಬಿರುಕು ಬಿಟ್ಟಿತ್ತು. ಒಳ್ಳೆಯ ಎರಡು ಚಕ್ರ ಹೆಣೆಸಿ, ಬೈಂದೂರಿನ ಒತ್ತಿನೆಣೆ ಗುಡ್ಡ ಹತ್ತಿ ಇಳಿಯಬೇಕು ಎಂಬುದು ನನ್ನ ಆಸೆ. ಹೆಂಡತಿ ಕೇಳಿ ನಕ್ಕಳು. ನಗಲಿ ಎಂದು ಸೈಕಲ್ಲನ್ನು ಓಮ್ನಿಗೆ ಹಾಕಿಕೊಂಡು ಉಪ್ಪುಂದಕ್ಕೆ ಹೋದೆ. ಬಂದ್ ಇರುವಾಗ ಬೋಟಿನ ಮೆಕ್ಯಾನಿಕ್‌ಗಿಂತ ಪುರುಸೊತ್ತಿನ ಮನುಷ್ಯ ಈ ಕರಾವಳಿಯಲ್ಲಿ ಸಿಗುವುದಿಲ್ಲ.

ಭಾವ ಹಿಂದಿನ ಹಬ್ಬನ್ನು ಬಿಚ್ಚಿ ಅಂಗೈಯಲ್ಲಿ ಸುರಿದುಕೊಂಡರು. ಬೇರಿಂಗಿನ ಗುಂಡುಗಳು ಬರಬೇಕಾದಲ್ಲಿ ಕೆಂಪು ಪುಡಿ ಬಂತು.

"ಹ್ವಾಯ್, ಇದ್ ಎಂತ ಮಾರಾಯ! ಗುಂಡ್ ಎಲ್ಲಿತ್ತ್? ಬರೀ ಭಸ್ಮ ಇತ್ತಲ್ಲ!" ಎಂದು ಅದನ್ನು ನನ್ನ ಹಣೆಗೆ ಹಚ್ಚಲು ಬಂದರು.

ಅಲ್ಲಿಂದ ಜಗಳ ಶುರು. ಹಬ್ಬಿನಲ್ಲಿ ಎರಡು ಜಾತಿ. ಒಂದು, ಗುಂಡುಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ಬಿಚ್ಚಿ ತೊಳೆದು ಮತ್ತೆ ಮುಚ್ಚಬಹುದಾದದ್ದು. ಇನ್ನೊಂದು, ಬೇರಿಂಗೇ ಸೀಲ್ ಆಗಿ ಬರುವಂಥದ್ದು, ಹಾಳಾದರೆ ತೆಗೆದು ಬಿಸಾಡಿ ಹೊಸತು ಹೊಡೆದು ಕೂರಿಸಬೇಕು. ನಾನು ರಾತ್ರಿಯಿಡೀ ಯೂಟ್ಯೂಬ್ ನೋಡಿ ಸೀಲ್ ಇರುವುದೇ ಬೇಕು ಎಂದು ತೀರ್ಮಾನ ಮಾಡಿಕೊಂಡು ಹೋಗಿದ್ದೆ. ಭಾವ ಒಪ್ಪಲಿಲ್ಲ.

"ಉಪ್ಪ್ ನೀರಿಗೆ ನಿನ್ ಸೀಲ್ ಗೀಲ್ ಎಂತ ಲೆಕ್ಕ? ಬಾಗ್ಲ್ ಹಾಕ್ಕಂಡ್ ಕೂಕಂಡೆ, ಕಳ್ಳ ಒಳ್ಗೇ ಇದ್ರೆ ಎಂತ ಮಾಡ್ತೆ? ಬಿಚ್ಚುಕೆ ಬಪ್ದ್ ತಕೋ. ಬಿಚ್ಚುದ್, ತೊಳುದ್, ಗ್ರೀಸ್ ತುಂಬ್ಸುದ್, ಮುಚ್ಚುದ್."

"ವಾರ ವಾರ ಬಿಚ್ಚುಕೆ ನಂಗ್ ಪುರ್ಸೊತ್ತಿಲ್ಲ ಭಾವ."

"ನಿಂಗ್ ಇಲ್ದಿದ್ರೆ ನಾನಿಲ್ಯಾ?"

ಕಡೆಗೆ ಮುಂದಿನ ಚಕ್ರಕ್ಕೆ ಅವರು ಹೇಳಿದ್ದು, ಹಿಂದಿನದಕ್ಕೆ ನಾನು ಹೇಳಿದ್ದು ಎಂದು ರಾಜಿಯಾಯಿತು. ಒಂದೇ ಸೈಕಲ್ಲಿಗೆ ಎರಡು ಜಾತಿಯ ಹಬ್. ಸೈಕಲ್ ಬಲ್ಲವರು ಕೇಳಿದರೆ ಮೂಗಿನ ಮೇಲೆ ಬೆರಳಿಡುತ್ತಾರೆ.

ಇನ್ನು ಅಳತೆಯ ರಾಮಾಯಣ. ನಾನು ಆನ್‌ಲೈನಿನಲ್ಲಿ ತರಿಸಿದ ಮೊದಲ ಹಿಂದಿನ ಹಬ್ ಹೊಸ ಕಾಲದ್ದು, ಅಗಲ ಜಾಸ್ತಿ. ನನ್ನ ಹಳೆಯ ಚೌಕಟ್ಟಿನ ಎರಡು ಕಾಲುಗಳ ನಡುವೆ ಅದು ಕೂರಲೇ ಇಲ್ಲ. ಗೋಡೆ ಅಳೆದು ಟೈಲ್ಸ್ ಲೆಕ್ಕ ಕೊಡುವ ನಾನು ಅಂಗೈಯಗಲದ ಜಾಗವನ್ನು ತಪ್ಪಾಗಿ ಅಳೆದಿದ್ದೆ. ಭಾವನಿಗೆ ಇದೊಂದು ಸಮಸ್ಯೆ ಎಂದೇ ಅನಿಸಲಿಲ್ಲ. "ಹೆದ್ರಬೇಡ, ಜಾಕಿ ಹಾಕಿ ಅಗಲ ಮಾಡುವ" ಎಂದು ನಿಜವಾಗಿಯೂ ಬೋಟಿನ ಜಾಕಿ ಹೊತ್ತುಕೊಂಡು ಬಂದರು! ಅಲ್ಯುಮಿನಿಯಂ ಬಗ್ಗಿಸಿದರೆ ಸೀಳುತ್ತದೆ ಎಂದು ನಾನು ಬೊಬ್ಬೆ ಹೊಡೆದು ಚೌಕಟ್ಟನ್ನು ಅಪ್ಪಿಕೊಂಡು ನಿಲ್ಲಬೇಕಾಯಿತು. ನಾನು ಬೊಬ್ಬೆ ಹೊಡೆಯುತ್ತಿದ್ದರೂ ಅವರು ಜಾಕಿಯ ಹಿಡಿ ತಿರುಗಿಸುತ್ತಲೇ ಇದ್ದರು. ನಾನು ಎದುರಿಗೆ ಹೋಗಿ ಕೈ ಅಡ್ಡ ಹಿಡಿದ ಮೇಲೆ ತಲೆ ಎತ್ತಿ, "ಎಂತ? ಬ್ಯಾಡ್ವಾ?" ಎಂದರು. ಹಟ ಎಂದುಕೊಂಡೆ.

ರಿಮ್ಮಿನ ವಿಷಯದಲ್ಲಿ ಅವರ ಪ್ರಶ್ನೆ ಒಂದೇ. "ಒಳ್ಗ್ ಹೋದ ನೀರ್ ಹೊರ್ಗ್ ಬಪ್ಪುದ್ ಎಲ್ಲಿಂದ?" ನಾನು ಆರಿಸಿದ್ದು ಎರಡು ಪದರದ, ಸ್ವಲ್ಪ ಅಗಲದ ರಿಮ್. ಅಗಲ ಇದ್ದರೆ ದಪ್ಪ ಟೈರು ಕೂರುತ್ತದೆ, ಗಾಳಿ ಕಡಿಮೆ ಇಟ್ಟುಕೊಂಡು ಹೊಯ್ಗೆಯ ಮೇಲೂ ಹೋಗಬಹುದು. ಸಪೂರದ್ದು ಹಗುರ, ಆದರೆ ನನ್ನ ತೂಕಕ್ಕೆ ಮತ್ತು ಒತ್ತಿನೆಣೆಯ ಮುರಕಲ್ಲಿಗೆ ಅದು ಎಂಟರ ಆಕಾರಕ್ಕೆ ಸೊಟ್ಟಗಾಗುವುದು ಖಂಡಿತ. ಇದನ್ನೆಲ್ಲ ವಿವರಿಸಿದರೆ ಭಾವ ಹೂಂಗುಟ್ಟಿ, ಕಡೆಗೆ ಡ್ರಿಲ್ ಮಿಷನ್ ತೆಗೆದುಕೊಂಡರು. ಎರಡು ಪದರದ ನಡುವೆ ಸೇರಿದ ನೀರು ಹೋಗಲು ಒಂದು ತೂತು ಬೇಕಂತೆ. ಬೋಟಿನ ಅಡಿಯಲ್ಲಿ ನೀರು ನಿಂತರೆ ಏನಾಗುತ್ತದೆ ಎಂದು ಕಂಡವರಿಗೆ ನೀರು ನಿಲ್ಲುವ ಯಾವ ಸಾಮಾನನ್ನು ಕಂಡರೂ ಸಮಾಧಾನವಿಲ್ಲ. ಡ್ರಿಲ್ಲನ್ನು ಕಸಿದುಕೊಂಡು ಓಮ್ನಿಯಲ್ಲಿಟ್ಟು ಬೀಗ ಹಾಕಿದೆ.

ಅಕ್ಕ ಶೆಡ್ಡಿಗೆ ಚಾ ತಂದಾಗಲೆಲ್ಲ ಒಂದು ದೂರು ತರುತ್ತಿದ್ದಳು. "ಕಾಣ್ ದಿನೇಶ, ನಾ ಹೇಳದ್ ಒಂದಾರೂ ಇವ್ರ್ ಕೆಮಿಗ್ ಹಾಕ್ಕಂಬುದಿಲ್ಲ. ಗ್ಯಾಸ್ ಮುಗ್ದಿತ್ತ್ ಅಂದ್ರೆ ಹೂಂ ಅಂತ್ರ್, ಹಾಂಗೇ ಕೂಕಂತ್ರ್. ಬೋಟಿನ್ ಇಂಜಿನ್ ಕೆಮ್ಮದ್ರೆ ಮಾತ್ರ ಕೇಂತ್ತ್ ಇವ್ರಿಗೆ!"

ಭಾವ ನಗುತ್ತ ಚಾ ಕುಡಿಯುತ್ತಿದ್ದರು. ನಾನೂ ನಗುತ್ತಿದ್ದೆ. ಗಂಡಂದಿರ ಮೇಲೆ ಈ ದೂರು ಇಲ್ಲದ ಮನೆ ಯಾವುದು? ಅಲ್ಲದೆ ಬಂದರಿನವರೆಲ್ಲ ಮಾತಾಡುವುದೇ ಬೊಬ್ಬೆಯಲ್ಲಿ. ಭಾವ ಗಟ್ಟಿಯಾಗಿ ಮಾತಾಡಿದರೆ ಯಾರಿಗೂ ವಿಶೇಷ ಅನಿಸುತ್ತಿರಲಿಲ್ಲ.

ಸರಿಯಾದ ಅಳತೆಯ ಹಿಂದಿನ ಹಬ್ಬಿಗೆ ಉಡುಪಿಯ ದೊಡ್ಡ ಸೈಕಲ್ ಅಂಗಡಿಗೆ ಹೋದೆವು. ಅಲ್ಲಿ ಎರಡು ಸಿಕ್ಕಿದವು. ಬೆಲೆಯಲ್ಲಿ, ಗಟ್ಟಿತನದಲ್ಲಿ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ಸದ್ದಿನಲ್ಲಿ. ಪೆಡಲ್ ತುಳಿಯದೆ ಚಕ್ರ ತಿರುಗುವಾಗ ಹಿಂದಿನ ಹಬ್ಬಿನ ಒಳಗಿರುವ ಸಣ್ಣ ನಾಲಿಗೆಗಳು ಹಲ್ಲಿನ ಮೇಲೆ ಓಡಿ ಟಿಕಟಿಕ ಎನ್ನುತ್ತವಲ್ಲ, ಆ ಸದ್ದು. ಒಂದು ಹಬ್ ಪಿಸುಗುಟ್ಟುತ್ತಿತ್ತು, ಇನ್ನೊಂದು ಜೀರುಂಡೆಯ ಹಾಗೆ ಕಿರುಚುತ್ತಿತ್ತು. ನನಗೆ ಮೆತ್ತಗಿನದೇ ಬೇಕಾಗಿತ್ತು. ಗುಡ್ಡದ ಮೇಲೆ ಗಾಳಿ, ಹಕ್ಕಿ, ದೂರದ ಸಮುದ್ರ ಕೇಳಬೇಕೆಂದಲ್ಲವೇ ಅಲ್ಲಿಗೆ ಹೋಗುವುದು?

ಭಾವ ಎರಡನ್ನೂ ಒಂದೊಂದಾಗಿ ತಿರುಗಿಸಿದರು. ಮೊದಲು ಬೆರಳ ತುದಿಯಲ್ಲಿ ಹಿಡಿದು, ಆಮೇಲೆ ಆಕ್ಸಲಿನ ತುದಿಯನ್ನು ದವಡೆಗೆ ಒತ್ತಿ. ಅಂಗಡಿಯವನು ನನ್ನ ಮುಖ ನೋಡಿದ. ಇಂಜಿನಿಗೆ ಸ್ಕ್ರೂಡ್ರೈವರ್ ತಾಗಿಸಿ ಕಿವಿಗಿಟ್ಟು ಕೇಳುವುದು ಮೆಕ್ಯಾನಿಕ್ಕುಗಳ ಪದ್ಧತಿ, ಇವರು ಕಿವಿ ಬಿಟ್ಟು ದವಡೆಗೆ ಬಂದಿದ್ದಾರೆ, ಜಂಬ ಎಂದುಕೊಂಡೆ.

"ಇದ್ ಸತ್ತ್ ಹೋಯ್ತ್" ಎಂದು ಮೆತ್ತಗಿನದನ್ನು ಬದಿಗಿಟ್ಟರು. "ಇದ್ ಕಾಣ್, ಇದ್ರಲ್ ಜೀವ ಇತ್ತ್. ಇದೇ ತಕೋ."

"ಭಾವ, ಇದ್ ಕಿರ್ಚ್ತ್ತ್. ಊರ್ ನಾಯಿ ಎಲ್ಲ ಹಿಂದೆ ಬತ್ತೋ."

"ಬರ್ಲಿ. ನಾಯಿಗಾರೂ ಗೊತ್ತಾಯ್ಲಿ ನೀ ಬಂದದ್ದ್."

ಅವರಿಗಾಗಿ ಆ ಕಿರುಚುವುದನ್ನೇ ಕೊಂಡೆ. ಕುಂದಾಪುರದಲ್ಲಿ ನನ್ನ ಪರಿಚಯದ ಸೈಕಲ್ ಅಂಗಡಿಯಲ್ಲಿ ಕಡ್ಡಿ ಹೆಣೆಸಿ, ಎರಡೂ ಚಕ್ರಗಳ ಓರೆ ತೆಗೆಸಿಕೊಂಡು ಬಂದೆ. ಕಪ್ಪು ರಿಮ್, ಬೆಳ್ಳಿ ಬಣ್ಣದ ಕಡ್ಡಿ. ಅಷ್ಟು ಚಂದದ ಸಾಮಾನು ನನ್ನ ಕೈಯಲ್ಲಿ ಯಾವತ್ತೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ, ಆ ದಿನ ಅವುಗಳನ್ನು ಮಂಚದ ಹತ್ತಿರ ಇಟ್ಟುಕೊಂಡೇ ಮಲಗಿದೆ.

ಮುಂದಿನ ಭಾನುವಾರ ಉಪ್ಪುಂದದಲ್ಲಿ ಜೋಡಣೆ. ನಾನು ಅಕ್ಕನ ಹತ್ತಿರ ಮಾತಾಡಿ ಶೆಡ್ಡಿಗೆ ಬರುವಷ್ಟರಲ್ಲಿ ಭಾವ ಹಿಂದಿನ ಹಬ್ಬನ್ನೂ ಬಿಚ್ಚಿಯಾಗಿತ್ತು. ಸೀಲ್ ಆದ ಬೇರಿಂಗ್ ಮುಟ್ಟಿರಲಿಲ್ಲ, ಆದರೆ ಆ ಟಿಕಟಿಕ ನಾಲಿಗೆಗಳು ಇರುವ ಗೂಡಿಗೆ ಬೋಟಿನ ನೀಲಿ ಗ್ರೀಸನ್ನು ಹೋಳಿಗೆಗೆ ಹೂರಣ ತುಂಬಿದ ಹಾಗೆ ತುಂಬಿದ್ದರು. ಪ್ರೊಪೆಲ್ಲರಿನ ಶಾಫ್ಟಿಗೆ ತುಂಬುವುದು ಹೀಗೇ. ಗ್ರೀಸ್ ಇಲ್ಲದ ಸಂದು ಕಂಡರೆ ಅಲ್ಲಿ ಸಮುದ್ರ ನುಗ್ಗುತ್ತದೆ ಎಂಬುದು ಬೋಟಿನವರ ನಂಬಿಕೆ. ಆದರೆ ಆ ನಾಲಿಗೆಗಳು ಕೂದಲೆಳೆಯ ಸ್ಪ್ರಿಂಗಿನ ಮೇಲೆ ಏಳಬೇಕು, ಬೀಳಬೇಕು. ಅವಕ್ಕೆ ಒಂದೆರಡು ಹನಿ ತೆಳು ಎಣ್ಣೆ ಸಾಕು. ದಪ್ಪ ಗ್ರೀಸಿನಲ್ಲಿ ಅವು ಹೂತು ಹೋಗಿದ್ದವು.

ನಾನು ಬಾಯಿ ತೆರೆಯುವ ಮೊದಲೇ ಭಾವ ಚಕ್ರವನ್ನು ಎತ್ತಿ ಹಿಡಿದು ಜೋರಾಗಿ ತಿರುಗಿಸಿದರು. ಮಳೆ ನಿಂತಿತ್ತು. ಚಕ್ರ ತಿರುಗಿತು, ತಿರುಗಿತು, ಒಂದು ಚೂರೂ ಸದ್ದಿಲ್ಲ.

"ಕೇಂಡ್ಯಾ?" ಎಂದರು ಭಾವ, ಮುಖ ಅರಳಿಸಿಕೊಂಡು. "ಹ್ಯಾಂಗಿತ್ತ್ ಸೌಂಡ್!"

ನಾನು ನಕ್ಕೆ. ತಮಾಷೆ ಎಂದೇ ತಿಳಿದು ನಕ್ಕೆ. ಅವರು ನನ್ನ ನಗುವನ್ನು ನೋಡಿ ತಾವೂ ನಕ್ಕು, ಮತ್ತೊಮ್ಮೆ ತಿರುಗಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳುವವರಂತೆ ನಿಂತರು. ಆಗ ನನ್ನ ನಗು ನಿಂತಿತು.

"ಸೌಂಡೇ ಬತ್ತಿಲ್ಲ ಭಾವ."

"ಹ್ಞಾಂ?"

"ಸೌಂಡ್ ಇಲ್ಲ. ಗ್ರೀಸಿಗೆ ಹಿಡ್ಕಂಡಿತ್ತ್."

ಅವರು ನನ್ನ ತುಟಿಯನ್ನು ನೋಡುತ್ತಿದ್ದರು. ಎಷ್ಟೋ ದಿನದಿಂದ ಅವರು ನೋಡುತ್ತಿದ್ದದ್ದು ತುಟಿಯನ್ನೇ ಎಂದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಚಕ್ರವನ್ನು ಮೆಲ್ಲಗೆ ಕೆಳಗಿಟ್ಟರು. ಒರೆಸುವ ಬಟ್ಟೆ ತೆಗೆದುಕೊಂಡು ಕೈ ಒರೆಸುತ್ತಲೇ ಕೂತರು, ಕೈಯಲ್ಲಿ ಏನೂ ಉಳಿದಿರದಿದ್ದರೂ.

"ಇಂಜಿನ್ ಕೇಂತ್ತ್ ಮಾರಾಯ" ಎಂದರು ಆಮೇಲೆ. "ದೇವ್ರಾಣಿ ಕೇಂತ್ತ್. ದಪ್ಪ ಸೌಂಡ್ ಎಲ್ಲ ಕೇಂತ್ತ್. ಈ ಕಿಣಿಕಿಣಿ, ಹಕ್ಕಿ ಕೂಗುದ್, ಜಲಜ ಮಾತಾಡುದ್, ಅದೆಲ್ಲ ಎಲ್ಲೋ ದೂರ ಹೋಯ್ತ್. ಅಂಗ್ಡಿಯಲ್ಲಿ ಆ ಹಬ್ ಕೈಗ್ ಗೊತ್ತಾಯ್ತ್. ಕೇಂಡದ್ದಲ್ಲ."

"ಡೆಕ್ಕಿನ್ ಮೇಲಿಂದ ಕೂಗದ್ದ್?"

"ಕೇಂತ್ತ್."

ನಾನು ಪ್ರಶ್ನೆ ಮುಗಿಸುವ ಮೊದಲೇ ಬಂದ ಉತ್ತರ ಅದು. ನನಗೆ ನಂಬಿಕೆ ಬರಲಿಲ್ಲ, ಅವರಿಗೂ ಬಂದಿರಲಿಲ್ಲ. "ಜಲಜಂಗ್ ಹೇಳ್ಬೇಡ. ಶೇಖರಂಗಂತೂ ಹೇಳ್ಲೇಬೇಡ" ಎಂದರು. ಶೇಖರ ಅವರ ಬೋಟಿನ ತಾಂಡೇಲ, ಬೋಟಿನವರಿಗೆಲ್ಲ ಮುಖ್ಯಸ್ಥ. ನಾನು ಮಾತು ಕೊಡದೆ ಹೊರಟು ಬಂದೆ.

ಆ ವಾರ ಅಂಗಡಿಯಲ್ಲಿ ನನಗೆ ಕೆಲಸ ಸಾಗಲಿಲ್ಲ. ಶೇಖರನಿಗೆ ಫೋನ್ ಮಾಡಿ ಒಂದು ಮಾತು ಹೇಳಿದರೆ ಮುಗಿಯಿತು. ಹೇಳಿದರೆ ಭಾವನ ಜೀವಮಾನದ ಹೆಸರು ನನ್ನ ಬಾಯಿಂದ ಹೋಗುತ್ತದೆ. ಹೇಳದಿದ್ದರೆ ಯಾರದೋ ಮನೆಯ ಗಂಡಸಿನ ಕೈ ಹೋಗಬಹುದು, ಪ್ರಾಣವೇ ಹೋಗಬಹುದು. ಹೆಂಡತಿ ಊಟಕ್ಕೆ ಬಡಿಸಿ "ಎಂತ ಆಯ್ತ್ ನಿಮ್ಗೆ?" ಎಂದು ಕೇಳಿದರೆ ಚಕ್ರದ ಓರೆ ಹೋಗುತ್ತಿಲ್ಲ ಎಂದೆ. ನನಗೆ ಭಾವನ ಮೇಲೆ ಸಿಟ್ಟೂ ಬಂತು. ಇಷ್ಟು ದೊಡ್ಡ ಹೊರೆಯನ್ನು ನನ್ನ ತಲೆಯ ಮೇಲಿಟ್ಟು ತಾವು ಆರಾಮಾಗಿ ಬಲೆ ಸರಿ ಮಾಡುತ್ತ ಕೂತಿದ್ದಾರಲ್ಲ ಎಂದು.

ಆರಾಮಾಗಿ ಇರಲಿಲ್ಲ ಎಂದು ಗೊತ್ತಾದದ್ದು ಅವರೇ ಫೋನ್ ಮಾಡಿದಾಗ. ಸೀಮೆಎಣ್ಣೆಯಲ್ಲಿ ಹಬ್ ತೊಳೆದು, ಗ್ರೀಸ್ ತೆಗೆದು, ತೆಳು ಎಣ್ಣೆ ಬಿಟ್ಟು ಸೈಕಲ್ ಜೋಡಿಸಿಯಾಗಿತ್ತಂತೆ. "ಬೀಜಾಡಿಗ್ ಹೋಪ. ನಾ ಸೈಕಲ್ ಹೊಡಿತೆ, ನೀ ಹಿಂದಿಂದ ಕೂಗ್. ಕೂಗದ್ ಕೂಡ್ಲೆ ನಿಲ್ಸ್ತೆ. ನಿಲ್ಸ್ರೆ ನೀ ಮತ್ತ್ ಈ ಸುದ್ದಿ ಎತ್ತುಕಾಗ" ಎಂದು, ನನ್ನ ಮಾತಿಗೆ ಕಾಯದೆ ಫೋನ್ ಇಟ್ಟರು. ಉಪ್ಪುಂದದ ಕಡಲ ಬದಿ ಅವರಿಗೆ ಬೇಡವಾಗಿತ್ತು. ಅಲ್ಲಿ ಎಲ್ಲರೂ ಗುರುತಿನವರು.

ಬೀಜಾಡಿಯಲ್ಲಿ ಆ ಸಂಜೆ ಮಳೆ ಬಿಟ್ಟಿತ್ತು, ಗಾಳಿ ಬಿಟ್ಟಿರಲಿಲ್ಲ. ನೀರು ಇಳಿದು ಹೊಯ್ಗೆ ಗಟ್ಟಿಯಾಗಿತ್ತು. ದೂರದಲ್ಲಿ ಇಬ್ಬರು ಹೆಂಗಸರು ಅಲೆ ತಂದು ಹಾಕಿದ ಕಟ್ಟಿಗೆ ಹೆಕ್ಕುತ್ತಿದ್ದರು, ಬೇರೆ ಯಾರೂ ಇಲ್ಲ. ಭಾವ ಪ್ಯಾಂಟು ಮಡಚಿಕೊಂಡು ಸೈಕಲ್ ಹತ್ತಿದರು. ಅಗಲದ ರಿಮ್ಮಿನ ಮೇಲೆ ಕೂತ ದಪ್ಪ ಟೈರು ಹೊಯ್ಗೆಯಲ್ಲಿ ಒಂದಿಷ್ಟೂ ಹೂಳಲಿಲ್ಲ.

"ಬೋಟಲ್ ಕೂಗ್ದಾಂಗೇ ಕೂಗ್ಕ್" ಎಂದರು. "ಭಾವ ಗೀವ ಅಂದ್ಕಂಡ್ ಮರ್ಯಾದಿ ಬೇಡ."

ಹೊರಟರು. ಸ್ವಲ್ಪ ದೂರ ಹೋದ ಮೇಲೆ ತುಳಿಯುವುದು ನಿಲ್ಲಿಸಿದರು, ಹಬ್ ಟಿರ್‍ರ್ ಎಂದು ಕಿರುಚಿತು. ಗಾಳಿಯಲ್ಲೂ ನನಗೆ ಸ್ಪಷ್ಟ ಕೇಳಿತು. ಡೆಕ್ಕಿನಿಂದ ಕ್ಯಾಬಿನ್ನಿಗೆ ಇರುವಷ್ಟೇ ದೂರ ಎಂದು ಅಂದಾಜು ಮಾಡಿ ನಾನು ಕೂಗಿದೆ.

"ನಿಲ್ಸ್!"

ಸೈಕಲ್ ಹೋಗುತ್ತಲೇ ಇತ್ತು. ಮತ್ತೆ ಕೂಗಿದೆ. ಹಿಂದೆ ಓಡುತ್ತ ಕೂಗಿದೆ. ಭಾವ ನೆಟ್ಟಗೆ ಕೂತು, ನನ್ನ ಕೂಗಿಗಾಗಿ ಕಾಯುತ್ತ, ಬ್ರೇಕಿನ ಮೇಲೆ ಬೆರಳಿಟ್ಟುಕೊಂಡೇ ಹೋಗುತ್ತಿದ್ದರು. ಕಡೆಗೆ ಮರ್ಯಾದೆ, ಲೆಕ್ಕ ಎಲ್ಲ ಬಿಟ್ಟು "ಭಾವಾ! ಭಾವಾ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ. ಅವರು ಸಣ್ಣದಾಗುತ್ತ ಹೋದರು. ನನಗೆ ಅಳು ಬಂತು, ಬಂದದ್ದು ಹೌದು.

ಎಷ್ಟೋ ದೂರ ಹೋದ ಮೇಲೆ ಅವರಾಗಿಯೇ ತಿರುಗಿ ಬಂದರು. ನನ್ನ ಎದುರು ಕಾಲೂರಿ ನಿಂತು, ಸ್ವಲ್ಪ ಸಿಟ್ಟಿನಲ್ಲೇ ಕೇಳಿದರು. "ಎಂತಕ್ಕೆ ಕೂಗ್ಲಿಲ್ಲ?"

ಅಷ್ಟರಲ್ಲಿ ಕಟ್ಟಿಗೆ ಹೆಕ್ಕುತ್ತಿದ್ದವರಲ್ಲಿ ಒಬ್ಬಳು ಸೀರೆ ಎತ್ತಿ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಿ ಬಂದಳು. "ಎಂತಾಯ್ತ್ ಮರ್ರೆ? ಯಾರಾರೂ ನೀರಿಗ್ ಬಿದ್ರಾ? ಅಷ್ಟ್ ಹೊತ್ತಿಂದ ಬೊಬ್ಬೆ ಹೊಡಿತಿದ್ರಿಯಲ್ಲ!"

ಭಾವ ಅವಳ ತುಟಿ ನೋಡಿದರು. ಅವಳು ಅಷ್ಟು ದೂರದಿಂದ ಹೊರಟು ಬಂದ ಜಾಗವನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಸೈಕಲ್ಲನ್ನು ಹೊಯ್ಗೆಯ ಮೇಲೆ ಮಲಗಿಸಿ ಪಕ್ಕದಲ್ಲಿ ಕೂತುಬಿಟ್ಟರು. ನಾನು ಆ ಹೆಂಗಸಿಗೆ ಏನೂ ಆಗಲಿಲ್ಲ ಎಂದು ಕೈ ಮುಗಿದು ಕಳಿಸಿದೆ.

ಅಲ್ಲೇ ಕೂತು ಅವರು ಹೇಳಿದರು. ಬಂದ್ ಆಗುವುದಕ್ಕೆ ಸ್ವಲ್ಪ ಮೊದಲು ಒಂದು ದಿನ ಬಲೆ ಎಳೆಯುವಾಗ, ಮಂಜ ಎಂಬ ಹುಡುಗನ ಕೈ ಹಗ್ಗದ ಅಡಿಗೆ ಹೋಗಿತ್ತಂತೆ. ಶೇಖರ ಹಾರಿ ಬಂದು ಲಿವರ್ ಎಳೆದದ್ದಕ್ಕೆ ಚರ್ಮ ಸುಲಿದದ್ದರಲ್ಲೇ ಮುಗಿಯಿತು. "ಲಿವರ್ ಹಿಡ್ಕಂಡಿತ್ತ್ ಅಂದ್ ಹೇಳ್ದೆ. ಲಿವರ್ ಹಿಡ್ಕಳ್ಳಿಲ್ಲ ದಿನೇಶ. ಎಲ್ಲರೂ ಕೂಗಿದ್ರ್ ಅಂಬ್ರ್. ನಂಗ್ ಕೇಣ್ಲಿಲ್ಲ." ಆಮೇಲೆ ಸಮುದ್ರದ ಕಡೆ ನೋಡುತ್ತ, "ಗಂಗೊಳ್ಳಿಗ್ ಹೋಪ. ಈಗ್ಳೇ ಹೋಪ. ನಾಳಿಗಂದ್ರೆ ಹೇಳುಕೆ ನಂಗ್ ಧೈರ್ಯ ಇರುದಿಲ್ಲ" ಎಂದರು.

ತಾಂಡೇಲ ಶೇಖರ ಬಂದರಿನಲ್ಲೇ ಸಿಕ್ಕಿದ. ಭಾವನಿಗಿಂತ ಚಿಕ್ಕವನು, ಕಡಿಮೆ ಮಾತಿನವನು. ಭಾವ ಪೀಠಿಕೆ ಏನೂ ಹಾಕದೆ, "ಶೇಖರ, ನಂಗ್ ಕೆಮಿ ಕೇಂತಿಲ್ಲ. ಬೇರೆ ಡ್ರೈವರ್ ಕಾಣ್" ಎಂದರು. ಶೇಖರ ಏನೂ ಆಶ್ಚರ್ಯ ತೋರಿಸಲಿಲ್ಲ. ಭಾವನ ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಹೇಳಿದ. "ಲಿವರ್ ಬಿಚ್ಚ್ ಕಂಡಿದ್ದೆ ಚಂದ್ರಣ್ಣ. ಅದ್ರಲ್ ಎಂತದೂ ತೊಂದ್ರಿ ಇರ್ಲಿಲ್ಲ. ನಿಮ್ಗ್ ಹ್ಯಾಂಗ್ ಹೇಳುದ್ ಅಂದ್ಕಂಡ್ ಈ ಬಂದ್ ಇಡೀ ನಂಗೂ ನಿದ್ರಿ ಇಲ್ಲ." ನಾನು ಆಚೆ ಹೋಗಿ ಬೋಟುಗಳಿಗೆ ಹೊದಿಸಿದ ಟಾರ್ಪಾಲು ನೋಡುತ್ತ ನಿಂತೆ.

ಅಕ್ಕನಿಗೆ ಹೇಳುವಾಗ ನಾನೂ ಇದ್ದೆ. ಅವಳು ಸೆರಗನ್ನು ಬಾಯಿಗೆ ಒತ್ತಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು, "ಹಾಂಗಾರೆ ಇಷ್ಟ್ ದಿನ ನಾ ಬೈದದ್ದೆಲ್ಲ ಗೋಡಿಗ್ ಬೈದದ್ದಾ?" ಎಂದಳು. ಭಾವ ಅದನ್ನು ತುಟಿಯಲ್ಲೇ ಓದಿಕೊಂಡು ಆ ವಾರದಲ್ಲಿ ಮೊದಲ ಸಲ ನಕ್ಕರು. ಈಗ ಅವರ ಕಿವಿಯಲ್ಲಿ ಮಿಷನ್ ಇದೆ, ಅಕ್ಕ ದನಿ ಏರಿಸಿದರೆ ಮೆಲ್ಲಗೆ ತೆಗೆದು ಜೇಬಿಗೆ ಹಾಕುತ್ತಾರೆ. ದಡದ ಮೇಲೆ ಇಂಜಿನ್ ಬಿಚ್ಚಿ ಕೂರಿಸುವ ಕೆಲಸ ಬೇಕಾದಷ್ಟಿದೆ, ಸಮುದ್ರಕ್ಕೆ ಮಾತ್ರ ಹೋಗಲಿಲ್ಲ. ನಾನು ಒತ್ತಿನೆಣೆ ಹತ್ತಿದೆ. ಅರ್ಧ ಹತ್ತಿದೆ, ಅರ್ಧ ಸೈಕಲ್ ದೂಡಿದೆ. ಚಕ್ರಗಳು ಇವತ್ತಿಗೂ ಗಟ್ಟಿಮುಟ್ಟಾಗಿವೆ.

ಆದರೆ ಆ ವರ್ಷ ಎಂದರೆ ನನಗೆ ನೆನಪಾಗುವುದು ಬೋಟುಗಳು ಹೊರಟ ದಿನ. ಆಗಸ್ಟಿನ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲು ಎರೆದು ಪೂಜೆಯಾಗಿತ್ತು. ಬಂದರಿನ ತುಂಬ ಜನ. ಭಾವ ಬರುವುದಿಲ್ಲ ಎಂದು ಬೆಳಿಗ್ಗೆಯಿಂದ ಹಟ ಮಾಡಿ, ಕಡೆಗೆ ತಾವೇ ನನ್ನ ಓಮ್ನಿಯಲ್ಲಿ ಬಂದು ಕೂತಿದ್ದರು. ಜನರ ನಡುವೆ ನಿಲ್ಲದೆ, ಬೋಟು ಕಟ್ಟುವ ದಕ್ಕೆಯ ತುದಿಗೆ ಹೋಗಿ ನಿಂತರು. ನಾನು ಪಕ್ಕದಲ್ಲಿ ನಿಂತೆ. ಅವರ ಬೋಟು ಬಂತು. ಕ್ಯಾಬಿನ್ನಿನಲ್ಲಿ ಹೊಸ ಡ್ರೈವರ್. ಭಾವ ಕಣ್ಣು ಮುಚ್ಚಿ ಇಂಜಿನ್ ಕೇಳಿದರು. ಕಿವಿಯ ಮಿಷನ್ ಆಗಿನ್ನೂ ಬಂದಿರಲಿಲ್ಲ, ಆದರೆ ದಪ್ಪ ಸದ್ದು ಅವರಿಗೆ ಕೇಳುತ್ತಿತ್ತು. "ಅಡ್ಡಿಲ್ಲ. ಸಮ ಇತ್ತ್" ಎಂದರು.

ಬೋಟು ದಕ್ಕೆಯ ತುದಿಯನ್ನು ದಾಟುವಾಗ ಡೆಕ್ಕಿನ ಮೇಲಿದ್ದವರು ಅವರನ್ನು ಕಂಡರು. ಮೊದಲು ಮಂಜ ಕೂಗಿದ. ಆಮೇಲೆ ಶೇಖರ. ಆಮೇಲೆ ಬೋಟಿನ ಅಷ್ಟೂ ಜನ ಒಂದೇ ದನಿಯಲ್ಲಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗತೊಡಗಿದರು. ಭಾವ ಕಣ್ಣು ತೆರೆದರು. ಅವರ ಬಾಯಿಗಳು ಆಡುವುದು ಕಂಡಿತು, ದೂರಕ್ಕೆ ತುಟಿ ಓದಲು ಆಗಲಿಲ್ಲ. ನನ್ನ ಕಡೆ ತಿರುಗಿದರು.

"ಎಂತ ಹೇಳ್ತಿದ್ರ್ ಅವ್ರ್?"

ನಾನು ಅವರ ಕಿವಿಗೆ ಬಾಯಿಟ್ಟು, ಇದ್ದ ಶಕ್ತಿಯೆಲ್ಲ ಹಾಕಿ ಹೇಳಿದೆ.

"ನಿಮ್ಮನ್ನೇ ಕರೀತಿದ್ರ್ ಭಾವ. ಎಲ್ಲರೂ."

ಭಾವ ಎರಡೂ ಕೈ ಎತ್ತಿದರು. ಬೋಟು ಅಳಿವೆ ದಾಟುವ ತನಕ ಇಳಿಸಲಿಲ್ಲ.